ಬರೆದ ಕೀ ಗೋಡೆಯಲ್ಲಿ ನೇತಾಡುವಂತೆ ಕಾಣಬೇಕಾದರೆ

ತುಮಕೂರಿನ ಮನೆಯ ನಡುಮನೆಗೆ ಪ್ಲೈವುಡ್ ಮೇಲೆ ಅಕ್ರಿಲಿಕ್‌ನಲ್ಲಿ ಹಳೇ ಬಾಗಿಲು, ಮೊಳೆ, ಮೊಳೆಗೆ ನೇತುಹಾಕಿದ ಕೀ ಬರೆದೆ. ಕೀ ಮಾತ್ರ ಸ್ಟಿಕರ್ ಅಂಟಿಸಿದ ಹಾಗೆ ಚಪ್ಪಟೆ. ಹೊಳಪು ಜಾಸ್ತಿ ಮಾಡಿದೆ, ಅಂಚಿಗೆ ಗೆರೆ ಎಳೆದೆ, ಆಗಲಿಲ್ಲ. ಕಪ್ಪು ಬಣ್ಣದ ನೆರಳಂತೂ ತೂತಿನ ಥರ ಕಾಣುತ್ತಿತ್ತು.

ಸರಿಹೋಗಿದ್ದು ನೆರಳನ್ನೇ ಮೊದಲು ಬರೆದಾಗ. ಕಿಟಕಿ ಎಡಕ್ಕಿದೆ, ಹಾಗಾಗಿ ನೆರಳು ಬಲಕ್ಕೆ, ಸ್ವಲ್ಪ ಕೆಳಗೆ. ಚಿತ್ರ ತೂಗುಹಾಕುವ ಜಾಗದಲ್ಲೇ ನಿಜವಾದ ಕೀ ಇಟ್ಟು ನೆರಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡೆ. ಅಳತೆ ನಿಜವಾದ ಕೀಯಷ್ಟೇ ಇರಬೇಕು, ಚಿಕ್ಕದಾದರೆ ಕಣ್ಣು ನಂಬಲ್ಲ. ಬರ್ಂಟ್ ಅಂಬರ್ (ಕಡು ಕಂದು), ಅಲ್ಟ್ರಾಮರೀನ್ ನೀಲಿ ಬೆರೆಸಿ, ಬಣ್ಣವನ್ನು ಪಾರದರ್ಶಕ ಮಾಡುವ ಗ್ಲೇಜಿಂಗ್ ಮೀಡಿಯಂನಲ್ಲಿ ತೆಳು ಮಾಡಿ, ಬಾಗಿಲಿನ ಮರದ ಗೆರೆ ಕಾಣುವಂತೆ ಪದರ ಪದರವಾಗಿ ಹಚ್ಚಿದೆ. ಕೀ ಮರಕ್ಕೆ ತಾಗುವಲ್ಲಿ ಅಂಚು ಚೂಪು, ದೂರವಾದಂತೆ ಮಸುಕು. ಅದು ಒಣಗಿದ ಮೇಲೆ ಕೀ. ಬಿಳಿ ಹೊಳಪು ಕಟ್ಟಕಡೆಗೆ.

ಆಳ ಕಡಿಮೆ ಇರುವ ವಸ್ತುವನ್ನೇ ಆರಿಸಿಕೊಳ್ಳಿ. ನಿಜವೆಂದು ಕಣ್ಣನ್ನು ನಂಬಿಸುವ ಚಿತ್ರಗಳ ಕಲಾವಿದ ಗೈಸ್‌ಬ್ರೆಕ್ಟ್ಸ್ 1670ರಲ್ಲಿ ಬರೆದದ್ದು ಬರೀ ಒಂದು ಚಿತ್ರದ ಹಿಂಬದಿ, ಅದಕ್ಕೂ ಆಳ ಕಡಿಮೆ.