ಮನೆಯೊಳಗೆ ಚಪ್ಪಲಿ, ಹೊರಗೆ ಬರಿಗಾಲು

ನಮ್ಮನೆಗೆ ಬಂದವರಿಗೆಲ್ಲ ನಾನು ಸ್ವಲ್ಪ ತಲೆ ತಿರುಗಿದವಳ ಹಾಗೆ ಕಾಣುತ್ತೇನೆ. ಅವರು ಹೊಸಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ನಾನು ತೋಟದಿಂದ ಬರಿಗಾಲಲ್ಲಿ ಬಂದು, ಕಾಲು ತೊಳೆದು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ಹೋಗುತ್ತೇನೆ. ದೇವರಮನೆಯೊಂದು ಬಿಟ್ಟು ಒಳಗೆಲ್ಲ ಚಪ್ಪಲಿ, ಹೊರಗೆ ಬರಿಗಾಲು. ಯಾಕೆ ಅಂತ ಕೇಳಿದವರಿಗೆಲ್ಲ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಕೆಲಸ ಬಿಟ್ಟು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಈ ಅಡಿಕೆ ತೋಟಕ್ಕೆ ಬಂದಾಗ ನನಗೆ ಹಿಮ್ಮಡಿ ನೋವಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಕಣ್ಣಲ್ಲಿ ನೀರು, ನಾಲ್ಕು ಹೆಜ್ಜೆ ಹಾಕಿದ ಮೇಲೆ ಪರವಾಗಿಲ್ಲ. ಪ್ಲಾಂಟರ್ ಫ್ಯಾಸೈಟಿಸ್ ಅಂದರು ಡಾಕ್ಟರು. ಅಂಗಾಲಿನ ಉದ್ದಕ್ಕೂ ಹಿಮ್ಮಡಿಯಿಂದ ಬೆರಳಿನವರೆಗೆ ಒಂದು ದಪ್ಪ ಪಟ್ಟಿ ಇರುತ್ತದೆ, ಅದಕ್ಕೆ ಪೆಟ್ಟಾಗಿದೆ, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ, ಮೀನಖಂಡಕ್ಕೆ ಎಳೆತದ ವ್ಯಾಯಾಮ ಮಾಡಿ ಅಂತ ಹೇಳಿದರು. ಹಾಗೇ ಮಾಡಿದೆ, ಕೆಲವು ತಿಂಗಳಲ್ಲಿ ನೋವು ಇಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ: ನನ್ನ ಹಿಮ್ಮಡಿಯನ್ನು ವಾಸಿ ಮಾಡಿದ್ದು ಬರಿಗಾಲ ನಡಿಗೆಯಲ್ಲ, ವ್ಯಾಯಾಮ ಮತ್ತು ಮೆತ್ತನೆಯ ಚಪ್ಪಲಿ.

ಬರಿಗಾಲಿನ ವಿಚಾರ ಬಂದಿದ್ದು ಫಿಸಿಯೋಥೆರಪಿಸ್ಟ್ ಹತ್ತಿರ. ನೆಲಕ್ಕೆ ಒಂದು ಟವೆಲ್ ಹಾಸಿ, ಅದನ್ನು ಕಾಲ್ಬೆರಳಲ್ಲೇ ಮುದುರಿ ಹತ್ತಿರ ಎಳೆದುಕೊಳ್ಳಿ ಅಂದರು. ನನ್ನ ಬೆರಳುಗಳು ಮಾತೇ ಕೇಳಲಿಲ್ಲ. ಒಂದು ಪಾದದಲ್ಲಿ 26 ಎಲುಬು, 33 ಕೀಲು. ಅವನ್ನು ಹಿಡಿದು ನಿಲ್ಲಿಸುವ ಸಣ್ಣಸಣ್ಣ ಸ್ನಾಯುಗಳು ವರ್ಷಗಟ್ಟಲೆ ಬಿಗಿ ಬೂಟಿನೊಳಗೆ ಕೆಲಸವಿಲ್ಲದೆ ಕೂತು ಸೊರಗಿದ್ದವು. ಆ ಸ್ನಾಯುಗಳಿಗೆ ಕೆಲಸ ಕೊಡುವ ನೆಲ ಯಾವುದು ಅಂತ ಯೋಚಿಸಿದರೆ ನಮ್ಮನೆ ಟೈಲ್ಸ್ ಅಂತೂ ಅಲ್ಲ. ಟೈಲ್ಸ್ ಕಲ್ಲಿನಷ್ಟು ಗಟ್ಟಿ, ಮೇಲಾಗಿ ಎಲ್ಲಿ ಕಾಲಿಟ್ಟರೂ ಒಂದೇ ಸಮ. ಪ್ರತಿ ಹೆಜ್ಜೆಯೂ ಪಾದದ ಅದೇ ಜಾಗಕ್ಕೇ ಗುದ್ದುತ್ತದೆ. ತೋಟದಲ್ಲಿ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ. ಒಳಗೆ ಚಪ್ಪಲಿ ಹೊರಗೆ ಬರಿಗಾಲು ಅನ್ನುವ ನನ್ನ ತಲೆಕೆಳಗು ನಿಯಮ ಹುಟ್ಟಿದ್ದು ಹೀಗೆ.

ಕಾರ್ತಿಕದಲ್ಲಿ ಶುರು ಮಾಡಿದೆ, ಅದೂ ಅಂಗಳದಲ್ಲಿ. ಮಳೆ ಮುಗಿದು, ಅಡಿಕೆ ಹರವಲು ಅಂಗಳ ಕೆತ್ತಿ, ಪೆಟ್ಟಣೆ ಹೊಡೆದು, ಸಗಣಿ ಸಾರಿಸಿದ ಹೊಸ ನೆಲ. ಗಟ್ಟಿ ಇದ್ದರೂ ಮಣ್ಣು ಮಣ್ಣೇ, ಸಣ್ಣ ಏರಿಳಿತ ಇರುತ್ತದೆ, ಮುಳ್ಳಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಷ್ಟು ಹೊತ್ತು, ಅಷ್ಟೇ. ಮರುದಿನ ನೋವು ಬಂದಿದ್ದು ಅಂಗಾಲಿಗಲ್ಲ, ಮೀನಖಂಡಕ್ಕೆ. ಹಿಮ್ಮಡಿ ಎತ್ತರದ ಚಪ್ಪಲಿಗೆ ಒಗ್ಗಿದ ಕಾಲು ಸಮನೆಲಕ್ಕೆ ಇಳಿದಾಗ ಮೀನಖಂಡದ ಸ್ನಾಯು ಪೂರ್ತಿ ಹಿಗ್ಗಬೇಕಾಗುತ್ತದೆ. ನೋವಿದ್ದ ದಿನ ನಡೆಯಲಿಲ್ಲ. ಹೊಸದಾಗಿ ಶುರುಮಾಡುವವರು ಇಲ್ಲೇ ಅವಸರ ಮಾಡುವುದು. ಒಂದೇ ದಿನಕ್ಕೆ ಮೈಲಿಗಟ್ಟಲೆ ನಡೆದು, ಮೂರನೇ ದಿನ ಇದೆಲ್ಲ ಆಗಿಬರುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಆಮೇಲೆ ತೋಟ. ಅಡಿಕೆ ಮರದ ಬುಡಕ್ಕೆ ಹಾಕಿದ ದರಗು, ಸೊಪ್ಪು, ಒದ್ದೆ ಮಣ್ಣು ಎಲ್ಲ ಕಾಲಿಗೆ ಹಿತ. ಆದರೆ ಬಿದ್ದ ಅಡಿಕೆ ಹಾಳೆಯ ಮೇಲೆ ಮಾತ್ರ ಕಾಲಿಡಬಾರದು. ಒದ್ದೆ ಹಾಳೆ ಮೆಟ್ಟಿದರೆ ಮನುಷ್ಯ ಎಲ್ಲಿ ಹೋಗಿ ನಿಲ್ಲುತ್ತಾನೆ ಅಂತ ಹೇಳುವುದಕ್ಕಾಗದು. ಸೋಗೆಯ ಬುಡವೂ ಅಷ್ಟೇ, ಚೂಪು. ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ನನ್ನ ನಡಿಗೆ ನೋಡಿ ನಕ್ಕರು. "ಅಮ್ಮಾ, ನೀವು ಮುಂದೆ ನೋಡ್ತಾ ಕಾಲು ಬೀಸಿ ಹಾಕ್ತ್ರಿ. ಕಾಲು ಇಟ್ಟು ನೋಡಿ, ಆಮೇಲೆ ಭಾರ ಬಿಡಿ" ಅಂದರು. ನನಗೆ ಸಿಕ್ಕ ತರಬೇತಿ ಇಷ್ಟೇ. ಹೆಜ್ಜೆ ಗಿಡ್ಡ ಮಾಡಿ, ಹಿಮ್ಮಡಿಯನ್ನು ಕುಟ್ಟದೆ ಇಟ್ಟು, ನೆಲ ಸರಿಯಿದೆ ಅಂತ ಗೊತ್ತಾದ ಮೇಲೆ ಮೈಭಾರ ಹಾಕಬೇಕು. ಕಲ್ಲು ಸಿಕ್ಕರೆ ಕಾಲು ತಾನೇ ಹಿಂದಕ್ಕೆ ಬರುತ್ತದೆ. ವೇಗ ಅರ್ಧಕ್ಕಿಳಿಯುತ್ತದೆ, ಫೋನ್ ನೋಡುತ್ತ ನಡೆಯುವುದಂತೂ ಸಾಧ್ಯವೇ ಇಲ್ಲ. ತಲೆಯೊಳಗಿನ ಗಲಾಟೆ ಕಡಿಮೆಯಾಯಿತು ಅಂತ ನಾನು ಹೇಳುವುದಾದರೆ ಅದರ ಶ್ರೇಯಸ್ಸಿನ ಬಹುಪಾಲು ಈ ನಿಧಾನಕ್ಕೆ ಸೇರಬೇಕು.

ಭೂಮಿಯಿಂದ ಎಲೆಕ್ಟ್ರಾನ್ ಹತ್ತಿ ಉರಿಯೂತ ಇಳಿಯುತ್ತದೆ ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಅದರ ಪರವಾಗಿ ತೋರಿಸುವ ಪರೀಕ್ಷೆಗಳು ಬಹಳ ಸಣ್ಣವು. ಅವುಗಳಲ್ಲಿ ಕೆಲವಕ್ಕೆ ಹಣ ಬಂದಿದ್ದು ಅದಕ್ಕೆಂದೇ ಚಾಪೆ, ಹಾಸಿಗೆ ಹೊದಿಕೆ ಮಾರುವವರ ಕಡೆಯಿಂದ. ಇಬ್ಬನಿಯ ಹುಲ್ಲಲ್ಲಿ ನಡೆದರೆ ಕಣ್ಣು ಚುರುಕಾಗುತ್ತದೆ ಅನ್ನುವುದನ್ನು ನಂಬಿ ಕನ್ನಡಕ ಎತ್ತಿಡಬೇಡಿ. ನಾನು ನಂಬುವ ಕೆಲಸ ಬೇರೆ, ಅದರಲ್ಲೊಂದು ನಮ್ಮ ರಾಜ್ಯದ್ದೇ. 1992ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ನೋಡಿ ಅಧ್ಯಯನ ಪ್ರಕಟಿಸಿದರು. ಚಪ್ಪಲಿ, ಬೂಟು ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲ ಮಕ್ಕಳಲ್ಲಿ ಶೇ 2.8. ಮುಂಭಾಗ ಮುಚ್ಚಿದ ಬೂಟಿನವರ ಪಾಡು ಎಲ್ಲಕ್ಕಿಂತ ಕಡೆ. ಬೆಳೆಯುವ ಮಕ್ಕಳ ಲೆಕ್ಕ ಇದು, ಐವತ್ತು ದಾಟಿದ ನನ್ನ ಪಾದ ಇನ್ನು ಹೊಸ ಆಕಾರ ಪಡೆಯುವುದಿಲ್ಲ. ಮೊಮ್ಮಕ್ಕಳನ್ನು ಅಂಗಳದಲ್ಲಿ ಬರಿಗಾಲಲ್ಲಿ ಬಿಡಲು ಮಾತ್ರ ಇಷ್ಟು ಸಾಕು. ಅಂಗಾಲ ಚರ್ಮ ದಪ್ಪಗಾದರೆ ಸ್ಪರ್ಶ ಸತ್ತುಹೋಗುತ್ತದೆಯೇ ಅನ್ನುವ ಅಳುಕು ಹಲವರಿಗಿದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಪ್ರಕಾರ ಹಾಗಾಗುವುದಿಲ್ಲ. ದಪ್ಪ ಚರ್ಮ ಕಾಯುತ್ತದೆ, ನೆಲದ ಸುದ್ದಿಯೂ ಮೇಲಕ್ಕೆ ಮುಟ್ಟುತ್ತದೆ. ನನ್ನ ಕಾಲೂ ಅದನ್ನೇ ಹೇಳುತ್ತದೆ. ಈಗ ನಾಚಿಕೆ ಮುಳ್ಳಿನ ಮೇಲೆ ಕಾಲಿಟ್ಟರೆ ಚುಚ್ಚುವ ಮೊದಲೇ ಗೊತ್ತಾಗುತ್ತದೆ. ಉಂಬಳವೂ (ಜಿಗಣೆ) ಹಾಗೆ: ಬೂಟಿನೊಳಗೆ ಹೊಟ್ಟೆ ತುಂಬ ಕುಡಿದು ಬಿದ್ದ ಮೇಲೆ ಕಾಣುತ್ತಿದ್ದದ್ದು, ಬರಿಗಾಲಿಗೆ ಹತ್ತುವಾಗಲೇ ಸಿಕ್ಕಿಬೀಳುತ್ತದೆ.

ಬರಿಗಾಲು ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆಯಬೇಕಾದರೆ ಮನೆಯಲ್ಲಿ ಮೂರು ಜೊತೆ ಚಪ್ಪಲಿ ಇರಬೇಕು, ಇದನ್ನೂ ಹೇಳಲೇಬೇಕು. 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಅಂಕೋಲಾ ಕಡೆಯ, ಗಿಡ ಬೆಳೆಸಿ ಹೆಸರಾದ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದುಹೋಗಿ ಪದ್ಮಶ್ರೀ ತೆಗೆದುಕೊಂಡಾಗ ಎಲ್ಲರೂ ಆ ಫೋಟೋ ಹಂಚಿಕೊಂಡರು. ಅದೇ ನೆಲದಲ್ಲಿ, ದೊಡ್ಡವರ ಮನೆ ಮುಂದೆ ಚಪ್ಪಲಿ ಮೆಟ್ಟಿ ಹಾಯಲು ಬಿಡದೆ ಇದ್ದ ಕಾಲವೂ ಇತ್ತು. ಗದ್ದೆಯಲ್ಲಿ ದಿನವಿಡೀ ನಿಂತ ಹೆಂಗಸರ ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಅದಕ್ಕೆ ರಾತ್ರಿ ಮದರಂಗಿ ಅರೆದು ಹಚ್ಚಿಕೊಳ್ಳುವುದು. ಬಯಲಿಗೆ ಹೋಗುವ ಊರುಗಳಲ್ಲಿ ಒದ್ದೆ ಮಣ್ಣಿನಿಂದ ಅಂಗಾಲ ಚರ್ಮ ತೂರಿ ಕೊಕ್ಕೆಹುಳ ಒಳಸೇರಿ, ರಕ್ತ ಹೀರಿ, ಬಸವಳಿಸುತ್ತಿತ್ತು. ಅವರ ಬರಿಗಾಲು ಬೇರೆ, ನಾನು ಬೇಕೆಂದಾಗ ಬಿಚ್ಚಿಡುವ ಚಪ್ಪಲಿ ಬೇರೆ.

ಎಲ್ಲಿ ಚಪ್ಪಲಿ ಹಾಕಬೇಕು ಅನ್ನುವುದು ಗೊತ್ತಿದ್ದರೇನೇ ಬರಿಗಾಲಿಗೆ ಇಳಿಯಬೇಕು. ನಮ್ಮ ಕಡೆ ಮೊದಲ ಹೆದರಿಕೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಈ ಜ್ವರ ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ, ಹರಡುತ್ತದೆ. ಡಿಸೆಂಬರಿನಿಂದ ಮೇ ಕೊನೆಯವರೆಗೆ, ದರಗೆಲೆಯಲ್ಲಿ ಮರಿ ಉಣುಗು ತುಂಬಿರುವ ಹೊತ್ತಲ್ಲಿ, ಬೆಟ್ಟ ಕಾನು ಎರಡಕ್ಕೂ ನನ್ನ ಬರಿಗಾಲು ಹೋಗುವುದಿಲ್ಲ. ಸೊಪ್ಪಿನ ಕೆಲಸಕ್ಕೆ ಹೋಗಲೇಬೇಕಾದರೆ ಉದ್ದನೆಯ ಬಟ್ಟೆ, ಬೂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಮಂಗ ಸತ್ತ ಸುದ್ದಿಯಿದ್ದರೆ ಆ ದಿಕ್ಕಿಗೇ ಇಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ಅಂಗಳ ದಾಟುವುದಕ್ಕೂ ಬೂಟು, ಕೈಯಲ್ಲಿ ಬ್ಯಾಟರಿ. ಕೊಳಕುಮಂಡಲ ಸರಿದು ಹೋಗುವ ಹಾವಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ, ಕಚ್ಚುವುದು ಪಾದಕ್ಕೇ. ಮಳೆಗಾಲದಲ್ಲಿ ಕಾಲಲ್ಲಿ ಸಣ್ಣ ಗಾಯವಿದ್ದರೂ ಗದ್ದೆ ನೀರಿಗೆ ಇಳಿಯುವುದಿಲ್ಲ, ಇಲಿಜ್ವರಕ್ಕೆ ಅದೇ ಬಾಗಿಲು. ಹಳ್ಳದ ಪಾಚಿ ಕಟ್ಟಿದ ಕಲ್ಲಿಗೆ ಯಾವ ಕಾಲೂ ಒಂದೇ, ಬರಿಗಾಲೂ ಜಾರುತ್ತದೆ.

ಭಾವನವರಿಗೆ ಸಕ್ಕರೆ ಕಾಯಿಲೆ. ನಾನೂ ಬರುತ್ತೇನೆ ಅಂತ ಒಂದು ದಿನ ಚಪ್ಪಲಿ ಬಿಚ್ಚಿದರು. "ಭಾವ, ನೀವು ಬೂಟು ಹಾಕ್ಕೊಂಡೇ ಬನ್ನಿ" ಅಂದೆ. ಅವರಿಗೆ ಸಿಟ್ಟು ಬಂತು. ಆಮೇಲೆ ಆಸ್ಪತ್ರೆಯಲ್ಲಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ನೋಡುವ ಪರೀಕ್ಷೆ ಮಾಡಿದಾಗ ಹೆಬ್ಬೆರಳ ಬುಡದಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ಮುಳ್ಳು ಚುಚ್ಚಿದ್ದೇ ಗೊತ್ತಾಗದ ಪಾದಕ್ಕೆ ಬರಿಗಾಲು ಅಪಾಯ. ಸಣ್ಣ ಗಾಯ ಬೆರಳು ತೆಗೆಯುವವರೆಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು, ಕಾಲು ಜೋಮು ಹಿಡಿಯುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಇದಕ್ಕೆ ಕೈ ಹಾಕದಿದ್ದರೆ ಒಳ್ಳೆಯದು. ಭಾವ ಈಗ ಬೂಟು ಹಾಕಿಕೊಂಡು ನನ್ನ ಹಿಂದೆ ಬರುತ್ತಾರೆ, ನನಗಿಂತ ಬೇಗ ಮನೆ ಮುಟ್ಟುತ್ತಾರೆ.

ಸಂಜೆಯ ಕೆಲಸ ಇನ್ನೊಂದಿದೆ. ಬಿಸಿನೀರಲ್ಲಿ ಕಾಲು ನೆನೆಸಿ, ಬ್ರಶ್ಶಲ್ಲಿ ತಿಕ್ಕಿ, ಬೆರಳ ಸಂದಿ ಒರೆಸಿ ನೋಡುವುದು. ಮುಳ್ಳಿದ್ದರೆ ನೆನೆದ ಚರ್ಮದಿಂದ ಸಲೀಸಾಗಿ ಬರುತ್ತದೆ. ಹಿಮ್ಮಡಿ ಒಡೆಯದಂತೆ ಮುರುಗಲು (ಕೋಕಂ) ತುಪ್ಪ. ಮುರುಗಲು ಬೀಜದಿಂದ ತೆಗೆದ ಈ ತುಪ್ಪ ಗಟ್ಟಿ ಉಂಡೆಯಾಗಿರುತ್ತದೆ, ಸ್ವಲ್ಪ ಕಾಯಿಸಿ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಬಿರುಕಿಗೆ ತುಂಬಬೇಕು. ಅತ್ತೆಯವರ ಕಾಲದ ಮದ್ದಿದು, ಅಂಗಡಿಯ ಯಾವ ಕ್ರೀಮೂ ನನಗೆ ಇಷ್ಟು ಒಗ್ಗಿಲ್ಲ. ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಮೊದಲು ಅದನ್ನು ಮುಗಿಸಿ.

ಮಗಳು ಬೆಂಗಳೂರಲ್ಲಿದ್ದಾಳೆ. "ನಿನಗಾದರೆ ತೋಟ ಇದೆ ಅಮ್ಮಾ, ನಾನೆಲ್ಲಿ ನಡೀಲಿ?" ಅಂತ ಕೇಳಿದಳು. ಪಾರ್ಕುಗಳಲ್ಲಿ ಚೂಪು ಬೆಣಚುಕಲ್ಲು ನೆಟ್ಟ ದಾರಿಯಿಂದ ಶುರು ಮಾಡಬೇಡ, ಅದು ಪಳಗಿದ ಪಾದಕ್ಕೆ. ಲಾಲ್‌ಬಾಗ್ ಬಂಡೆ ಒಳ್ಳೆಯದು ಅಂದೆ. ಸುಮಾರು 300 ಕೋಟಿ ವರ್ಷದ ಕಲ್ಲದು, ಉರುಟು ಮೈ, ಸಣ್ಣ ಏರು. ಬೆಳಿಗ್ಗೆ ಬೇಗ ಹೋಗು, ಬಿಸಿಲೇರಿದರೆ ಕಾಲು ಸುಡುತ್ತದೆ, ಗಾಜಿನ ಚೂರಿನ ಕಡೆ ಕಣ್ಣಿರಲಿ, ಮೊದಲ ವಾರ ಹತ್ತಿ ಇಳಿಯುವುದು ಒಂದೇ ಸಲ, ಮೀನಖಂಡ ಹಿಡಿದರೆ ಎರಡು ದಿನ ರಜೆ ಅಂತ ಹೇಳಿದ್ದೇನೆ. ಚಪ್ಪಲಿಯನ್ನು ಬುಡದಲ್ಲಿ ಬಿಡದೆ ಚೀಲದಲ್ಲಿ ಇಟ್ಟುಕೋ ಅಂತಲೂ.