ನೆಟ್ ಹೋಯಿತೇ? ಮೊದಲು ದೀಪ ನೋಡಿ

ಕಂಪ್ಯೂಟರಿನಲ್ಲಿ ಇಂಟರ್ನೆಟ್ ನಿಂತ ಕೂಡಲೇ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುವುದು ನಮ್ಮ ಮನೆಗಳ ರೂಢಿ. ಅದರಿಂದ ಕೆಲವು ಸಲ ನೆಟ್ ಬರುವುದೂ ಉಂಟು. ಆದರೆ ತೊಂದರೆ ಎಲ್ಲಿತ್ತೆಂದು ತಿಳಿಯುವುದಿಲ್ಲ, ನಾಳೆ ಮತ್ತೆ ಅದೇ ಗೋಳು. ಸ್ವಿಚ್ಚಿಗೆ ಕೈ ಹಾಕುವ ಮುಂಚೆ ಮೊಬೈಲಿನ ಡೇಟಾ ಆಫ್ ಮಾಡಿ, ಮನೆಯ ವೈಫೈನಲ್ಲಿ ಯಾವುದಾದರೂ ಪುಟ ತೆರೆಯಿರಿ. ಅಲ್ಲೂ ಬರದಿದ್ದರೆ ಮೋಡೆಮ್ ಕಡೆ ನಡೆಯಿರಿ. ಅಲ್ಲಿ ಬಂದರೆ ದೋಷ ಬಹುಶಃ ಕಂಪ್ಯೂಟರಿನ ಕಡೆಯದು.

ಫೈಬರ್ ಮೋಡೆಮ್‌ನಲ್ಲಿ 'ಪಾನ್' (PON) ಎಂಬ ದೀಪ ಹಸಿರಾಗಿ ನಿಂತಿರಬೇಕು, 'ಲಾಸ್' (LOS) ಎಂಬುದು ಆರಿರಬೇಕು. ಲಾಸ್ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನ ಬೆಳಕು ಮೋಡೆಮ್‌ಗೆ ತಲುಪುತ್ತಿಲ್ಲ. ಬೀದಿಯಲ್ಲಿ ಕೇಬಲ್ ತುಂಡಾಗಿರಬಹುದು. ಆದರೆ ದೂರು ಕೊಡುವ ಮೊದಲು ಮೋಡೆಮ್ ಹಿಂದಿನ ತೆಳು ವೈರನ್ನು ನೋಡಿ. ಬೀರು ಸರಿಸಿದಾಗ ಅದು ಗೋಡೆಗೆ ಒತ್ತಿ ಮಡಚಿಕೊಂಡಿರುತ್ತದೆ. ಒಳಗಿರುವುದು ಗಾಜಿನ ಎಳೆ, ಮಡಿಕೆ ಬಿದ್ದಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಹೆಬ್ಬೆರಳಿಗೆ ಸುತ್ತುವಷ್ಟು ಬಿಗಿಯಾಗಿ ಬಗ್ಗಿಸಬೇಡಿ, ದೊಡ್ಡ ಬಳೆಯಷ್ಟು ಅಗಲದ ಸುರುಳಿಯಾಗಿ ಬಿಡಿ. ವೈರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಅಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ಬಾಯಿಂದ ಊದಿ ಧೂಳು ತೆಗೆಯುವುದೂ ಬೇಡ.

ಒಂದು ಎಚ್ಚರಿಕೆ: ಮೋಡೆಮ್ ಹಿಂದೆ ಪಿನ್ ಹಾಕಿ ಒತ್ತುವ 'ರೀಸೆಟ್' ತೂತನ್ನು ಮುಟ್ಟಬೇಡಿ. ಅದು ರೀಸ್ಟಾರ್ಟ್ ಅಲ್ಲ. ಕಂಪನಿಯವರು ತುಂಬಿಸಿದ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಲೈನ್‌ಮನ್ ಬರುವ ತನಕ ಕಾಯಬೇಕಾದೀತು. ರೀಸ್ಟಾರ್ಟ್ ಬೇಕಿದ್ದರೆ ಪವರ್ ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಪಾನ್ ದೀಪ ನಿಲ್ಲಲು ಎರಡು ಮೂರು ನಿಮಿಷ ಹಿಡಿಯುತ್ತದೆ.

ಮೊಬೈಲಿಗೆ ನೆಟ್ ಬಂದು ಕಂಪ್ಯೂಟರಿಗೆ ಬಾರದಿದ್ದರೆ, ವಿಂಡೋಸ್‌ನ ಹುಡುಕುವ ಜಾಗದಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆದು ಎಂಟರ್ ಒತ್ತಿ. ತೆರೆಯುವ ಕಪ್ಪು ಕಿಟಕಿಯಲ್ಲಿ 'ಐಪಿಕಾನ್ಫಿಗ್' (ipconfig) ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಕಾಣುವ ಐಪಿವಿ4 ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಗುರುತಿನ ಅಂಕಿ) 169.254 ಎಂದು ಶುರುವಾಗಿದ್ದರೆ ಮೋಡೆಮ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ವೈಫೈ ಬಿಟ್ಟು ಮತ್ತೆ ಸೇರಿ, ಕೇಬಲ್ ಇದ್ದರೆ 'ಟಿಕ್' ಎನ್ನುವಂತೆ ಒತ್ತಿ ಹಾಕಿ.

ವಿಳಾಸ ಸರಿಯಿದ್ದರೆ ಪಿಂಗ್ ಮಾಡಿ, ಅಂದರೆ ping ಎಂದು ಹೊಡೆದು, ಜಾಗ ಬಿಟ್ಟು ವಿಳಾಸ ಬರೆದು ಎಂಟರ್ ಒತ್ತಿ, ಉತ್ತರ ಬರುತ್ತದೆಯೇ ನೋಡಿ. ಮೊದಲು ಅದೇ ಕಿಟಕಿಯಲ್ಲಿ 'ಡೀಫಾಲ್ಟ್ ಗೇಟ್‌ವೇ' ಎಂದು ತೋರಿಸಿದ ಅಂಕಿಗೆ (ಬಹಳ ಕಡೆ 192.168.1.1), ಬಳಿಕ ಗೂಗಲ್ ಕಂಪನಿಯ 8.8.8.8ಕ್ಕೆ, ಕೊನೆಗೆ ಯಾವುದಾದರೂ ವೆಬ್‌ಸೈಟ್ ಹೆಸರಿಗೆ. ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ಕಂಪ್ಯೂಟರ್ ಮತ್ತು ಮೋಡೆಮ್ ನಡುವೆ ತೊಂದರೆ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ಮೋಡೆಮ್‌ನಿಂದ ಆಚೆ ಸಮಸ್ಯೆ. ಮೊಬೈಲಿಗೂ ಬಾರದಿದ್ದಾಗ ಇದು ಕಂಡರೆ ರೀಚಾರ್ಜ್ ಮುಗಿದಿದೆಯೇ ನೋಡಿ, ಇದು ನಗುವ ಮಾತಲ್ಲ. ಮೂರನೆಯದು ಮಾತ್ರ ಕೈಕೊಟ್ಟರೆ, ಸೈಟಿನ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಕೆಟ್ಟಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಮತ್ತು 1.1.1.1 ಹಾಕಿ.

ಪಿಂಗ್ ಎಲ್ಲ ಸರಿಯಿದ್ದೂ ಪ್ರತಿಯೊಂದು ಸೈಟೂ 'ಸುರಕ್ಷಿತವಲ್ಲ' ಎಂದರೆ ಮೂಲೆಯ ತಾರೀಖು ನೋಡಿ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಸೆಲ್ ಖಾಲಿಯಾದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಆಗ ಸೈಟು ಅಸಲಿ ಎಂದು ತೋರಿಸುವ ಪ್ರಮಾಣಪತ್ರದ ಅವಧಿಗೆ ಅದು ಹೊಂದುವುದಿಲ್ಲ. ಸಾಮಾನ್ಯವಾಗಿ ಆ ಸೆಲ್ 3 ವೋಲ್ಟಿನ ಸಿಆರ್2032.

ಇನ್ನು, 300 ಎಂಬಿಪಿಎಸ್ ಪ್ಲಾನಿದ್ದೂ ಕೇಬಲ್‌ನಲ್ಲಿ ವೇಗ 95ರ ಆಸುಪಾಸಿಗೇ ನಿಂತರೆ ಕಂಪನಿಯನ್ನು ಬಯ್ಯುವ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಲ್ಯಾನ್ ಕೇಬಲ್ ಒಳಗೆ 8 ತಂತಿ ಇರುತ್ತವೆ. 100ರ ವೇಗಕ್ಕೆ 4 ಸಾಕು, ಗಿಗಾಬಿಟ್‌ಗೆ (1000ದ ವೇಗ) ಎಂಟೂ ಬೇಕು. ಒಂದು ತಂತಿ ತುಂಡಾದರೂ ನೆಟ್ ಬರುತ್ತಲೇ ಇರಬಹುದು, 100ಕ್ಕೆ ಇಳಿದು.