ತಮ್ಮನ ಕ್ಲೇಮ್ ವಾಪಸ್ ಬಂದ ಮೇಲೆ: ಮಾನಸಿಕ ಕಾಯಿಲೆಗೆ ವಿಮೆ ಕೇಳುವುದು ಹೇಗೆ

2023ರ ಜೂನ್‌ನಲ್ಲಿ ನನ್ನ ತಮ್ಮನನ್ನು ಆಸ್ಪತ್ರೆಗೆ ಸೇರಿಸಿದೆವು. ಆರು ರಾತ್ರಿಯಿಂದ ಅವನಿಗೆ ನಿದ್ದೆ ಇರಲಿಲ್ಲ. ಮಲ್ಪೆಯಲ್ಲಿ ಬೋಟು ಕೊಳ್ಳುತ್ತೇನೆ ಎಂದು ಕಂಡವರಿಗೆಲ್ಲ ಅಡ್ವಾನ್ಸ್ ಕೊಡಲು ಹೊರಟಿದ್ದ. ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿದ್ದವು. ನಮ್ಮ ಮನೆಯಲ್ಲಿ ಯಾರೂ ಮೀನುಗಾರಿಕೆ ಮಾಡಿದವರಲ್ಲ. ಹನ್ನೊಂದು ದಿನ ವಾರ್ಡಿನಲ್ಲಿದ್ದ. ಬೈಪೋಲಾರ್ ಎಂದರು, ಅಂದರೆ ಮನಸ್ಸು ವಿಪರೀತ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡುವ ಕಾಯಿಲೆ. ಬಿಲ್ 78 ಸಾವಿರ ರೂಪಾಯಿ.

ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ವಿಮೆ ಕಂತು ಒಂದು ವರ್ಷವೂ ತಪ್ಪಿಸಿರಲಿಲ್ಲ. ಆದರೂ ಕ್ಲೇಮ್ ವಾಪಸ್ ಬಂತು. 'ಮನೋರೋಗದ ಚಿಕಿತ್ಸೆ ಪಾಲಿಸಿಗೆ ಬರುವುದಿಲ್ಲ' ಎಂದು ಒಂದೇ ಸಾಲು. ಅಮ್ಮ ಹೇಳಿದರು, ಬಿಡು ಮಗಾ, ಊರಿಗೆಲ್ಲ ಗೊತ್ತಾಗುತ್ತದೆ. ನಾನು ಬಿಡಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಪತ್ರ ಬಂದಿದ್ದರೆ ಇದನ್ನು ಓದಿ.

ಮೊದಲು ಕಾನೂನಿನ ಒಂದು ಸಾಲು ತಿಳಿದುಕೊಳ್ಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ ಸೆಕ್ಷನ್ 21(4) ಹೇಳುವುದಿಷ್ಟು: ದೈಹಿಕ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೆಯೇ, ಪ್ರತಿ ವಿಮಾ ಕಂಪನಿಯೂ ರಕ್ಷಣೆ ಕೊಡಬೇಕು. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಇದನ್ನು ಪಾಲಿಸಿ ಎಂದು ಅದೇ ಆಗಸ್ಟಿನಲ್ಲಿ ಕಂಪನಿಗಳಿಗೆ ಬರೆಯಿತು, 2022ರಲ್ಲಿ ಮತ್ತೆ ಗಡುವು ಕೊಟ್ಟಿತು. 2021ರಲ್ಲಿ ದಿಲ್ಲಿ ಹೈಕೋರ್ಟ್ ಕೂಡ, ಮನೋರೋಗ ಹೊರತು ಎಂಬ ಹಳೆಯ ಷರತ್ತು ಈ ಕಾಯ್ದೆಯ ಎದುರು ನಿಲ್ಲುವುದಿಲ್ಲ ಎಂದಿತು. ನಮ್ಮ ಪಾಲಿಸಿ ಪುಸ್ತಕ 2015ರದ್ದು. ಅದರಲ್ಲಿದ್ದದ್ದು ಅದೇ ಹಳೆಯ ಷರತ್ತು.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಕಳಿಸಿದೆ. ಉತ್ತರ ಬಂತು, ಆದರೆ ಕಾರಣ ಬದಲಾಗಿತ್ತು: 'ರೋಗಿಯನ್ನು ಬರೀ ವೀಕ್ಷಣೆಗೆ ದಾಖಲಿಸಲಾಗಿದೆ.' ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದೆ. ಕಾಯಿಲೆಯ ಹೆಸರು, ಮಾತ್ರೆಗಳ ಪಟ್ಟಿ, 'ವೀಕ್ಷಣೆಯಲ್ಲಿಡಲಾಯಿತು' ಎಂಬ ಮಾತು. ಅವನು ಯಾವ ಸ್ಥಿತಿಯಲ್ಲಿ ಬಂದ ಎಂಬುದು ಒಂದಕ್ಷರವೂ ಇಲ್ಲ.

ಮಾನಸಿಕ ಕಾಯಿಲೆ ಎಂದರೇನು ಎಂಬ ಕಾಯ್ದೆಯ ವ್ಯಾಖ್ಯೆ ಇಲ್ಲೇ ನನ್ನ ಕೈ ಹಿಡಿದದ್ದು. ಸೆಕ್ಷನ್ 2(1)(ಎಸ್). ಸರಳವಾಗಿ ಹೇಳುತ್ತೇನೆ. ಯೋಚನೆ, ಮನಸ್ಥಿತಿ, ಗ್ರಹಿಕೆ, ಎಲ್ಲಿದ್ದೇನೆ ಯಾರ ಜೊತೆ ಇದ್ದೇನೆ ಎಂಬ ಅರಿವು, ನೆನಪು – ಇವುಗಳಲ್ಲಿ ದೊಡ್ಡ ಏರುಪೇರು ಇರಬೇಕು. ಅದರಿಂದ ತೀರ್ಮಾನಿಸುವ ಶಕ್ತಿ, ನಡವಳಿಕೆ, ನಿಜ ಯಾವುದೆಂದು ಗುರುತಿಸುವ ಶಕ್ತಿ ಅಥವಾ ದಿನದ ಬದುಕು ನಿಭಾಯಿಸುವ ಶಕ್ತಿ ತೀರಾ ಕೆಟ್ಟಿರಬೇಕು. ಆ 'ಅಥವಾ' ತುಂಬಾ ಮುಖ್ಯ. ನಾಲ್ಕೂ ಕೆಡಬೇಕಿಲ್ಲ, ಒಂದು ಸಾಕು.

ಆ ಸಾಲನ್ನು ಹಿಡಿದುಕೊಂಡು ತಮ್ಮನ ಡಾಕ್ಟರ್ ಬಳಿ ಹೋದೆ. ನಡೆದದ್ದನ್ನೇ ಬರೆದುಕೊಡಿ ಎಂದೆ. ನಿದ್ದೆಯಿಲ್ಲದ ಆರು ರಾತ್ರಿ, ಊಟ ಬಿಟ್ಟದ್ದು, ಬೋಟಿನ ಅಡ್ವಾನ್ಸ್, ಮನೆಯಲ್ಲಿಟ್ಟು ಔಷಧಿ ಕೊಡಲು ಯಾಕೆ ಆಗುತ್ತಿರಲಿಲ್ಲ ಎಂಬುದು, ವಾರ್ಡಿನಲ್ಲಿ ದಿನದಿನ ಕೊಟ್ಟ ಚಿಕಿತ್ಸೆ. ಜೊತೆಗೆ ಐಸಿಡಿ ಕೋಡ್, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆ ಕಾಯಿಲೆಗಿರುವ ಸಂಕೇತ. ಕಾಯಿಲೆಯನ್ನು ಒಪ್ಪಿತ ವೈದ್ಯಕೀಯ ಮಾನದಂಡದಿಂದಲೇ ತೀರ್ಮಾನಿಸಬೇಕು ಎಂದು ಸೆಕ್ಷನ್ 3 ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿಯನ್ನು ಅದು ಹೆಸರಿಸಿಯೇ ಇದೆ. ಐಸಿಡಿ-10ರಲ್ಲಿ ಬೈಪೋಲಾರ್‌ಗೆ ಎಫ್31, ಖಿನ್ನತೆಗೆ ಎಫ್32, ಸ್ಕಿಜೋಫ್ರೇನಿಯಾಕ್ಕೆ ಎಫ್20. ನೀವು ಡಿಸ್ಚಾರ್ಜ್ ದಿನವೇ ಇದನ್ನು ಕೇಳಿ ಬರೆಸಿಕೊಳ್ಳಿ. ನನ್ನ ಹಾಗೆ ಎರಡು ತಿಂಗಳ ನಂತರ ಓಡಾಡಬೇಡಿ. ಚಿಕಿತ್ಸೆಯ ದಾಖಲೆ ಪಡೆಯುವುದು ಸೆಕ್ಷನ್ 25ರಂತೆ ರೋಗಿಯ ಹಕ್ಕು.

ಇದೇ ಸೆಕ್ಷನ್ 3ರಲ್ಲಿ ಇನ್ನೊಂದು ಮಾತಿದೆ, ನನಗೆ ಬಹಳ ಹಿಡಿಸಿದ್ದು. ಜಾತಿ, ಬಡತನ, ಊರಿನ ರೀತಿ ನೀತಿಗೆ ಹೊಂದದ ನಡೆ, ಇವುಗಳಿಂದ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. ಹಿಂದೆ ಒಮ್ಮೆ ಚಿಕಿತ್ಸೆ ಪಡೆದದ್ದಷ್ಟೇ ಈಗಿನ ಕಾಯಿಲೆಗೆ ಪುರಾವೆ ಆಗುವುದೂ ಇಲ್ಲ.

ವ್ಯಾಖ್ಯೆಯ ಒಳಗೇನು, ಹೊರಗೇನು ಎಂಬುದನ್ನೂ ನೋಡಿಕೊಳ್ಳಿ. ಕುಡಿತ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆ ಒಳಗಿದೆ. ಆದರೆ ವ್ಯಸನದ ಚಿಕಿತ್ಸೆ ಹೊರತು ಎಂಬ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇನ್ನೂ ಇದೆ, ಹಾಗಾಗಿ ಅಲ್ಲಿ ಜಗ್ಗಾಟ ಜಾಸ್ತಿ. ಬೌದ್ಧಿಕ ಬೆಳವಣಿಗೆಯ ಕೊರತೆ ಈ ವ್ಯಾಖ್ಯೆಯ ಹೊರಗಿದೆ. ಅಂಥ ಮಕ್ಕಳಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮಾ ಯೋಜನೆ ಇದೆ, 1 ಲಕ್ಷ ರೂಪಾಯಿವರೆಗೆ.

ದೈಹಿಕ ಕಾಯಿಲೆಗೆ 'ಸಮಾನ' ಅಂದರೆ ಎಲ್ಲವೂ ಸಿಗುತ್ತದೆ ಅಂತಲ್ಲ. ನಾನು ಒಂದು ಪರೀಕ್ಷೆ ಮಾಡುತ್ತೇನೆ. ಷರತ್ತಿನಲ್ಲಿ ಮಾನಸಿಕ ಕಾಯಿಲೆ ಎಂದಿದ್ದ ಕಡೆ ಡೆಂಗಿ ಅಥವಾ ಹೃದ್ರೋಗ ಎಂದಿಟ್ಟು ಓದುತ್ತೇನೆ. ಅದಕ್ಕೂ ಅದೇ ಮಿತಿ ಇದ್ದರೆ ಸರಿ. ಮನಸ್ಸಿಗೆ ಮಾತ್ರ ಕಡಿಮೆ ಹಣ, ಹೆಚ್ಚು ಕಾಯುವಿಕೆ ಇದ್ದರೆ ಪ್ರಶ್ನಿಸಿ. ಹೊರರೋಗಿ ಚಿಕಿತ್ಸೆಯನ್ನೇ ಕೊಡದ ಪಾಲಿಸಿ ಕೌನ್ಸೆಲಿಂಗ್ ಫೀಸನ್ನೂ ಕೊಡುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದು, ಆದರೆ 2024ರ ಏಪ್ರಿಲ್‌ನಿಂದ ಅದು 3 ವರ್ಷ ಮೀರುವಂತಿಲ್ಲ. ಪಾಲಿಸಿ ಕೊಳ್ಳುವಾಗಿನ ಅರ್ಜಿಯಲ್ಲಿ ಮಾತ್ರ ಹಳೆಯ ಮಾತ್ರೆಗಳನ್ನು ಮುಚ್ಚಿಡಬೇಡಿ. ನಾಚಿಕೆಯಿಂದ ಬಿಟ್ಟ ಒಂದು ಸಾಲು ಮುಂದೆ ಇಡೀ ಕ್ಲೇಮನ್ನು ತಿನ್ನುತ್ತದೆ.

ಕಂಪನಿಯ ದೂರು ವಿಭಾಗಕ್ಕೆ ಮೊದಲು ಲಿಖಿತವಾಗಿ ಕೊಡಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು, ಫೋನ್ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬರೆಯಿರಿ. ಫೀಸಿಲ್ಲ, ವಕೀಲರು ಬೇಡ.

ನಾನು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಡಾಕ್ಟರ ಪತ್ರ ಕಳಿಸಿ ಐದನೇ ವಾರಕ್ಕೆ ಹಣ ಬಂತು. ಮೆಸೇಜ್ ಅನ್ನು ತಮ್ಮನೇ ಅಮ್ಮನಿಗೆ ಓದಿ ಹೇಳಿದ. ಅಮ್ಮ ಆ ಪತ್ರವನ್ನು ಪಡಿತರ ಚೀಟಿ ಇಡುವ ಡಬ್ಬಿಯಲ್ಲೇ ಇಟ್ಟಿದ್ದಾರೆ.